ಹೊರಲಾಗದ ಕಲ್ಲುಗಳ ಕುಸ್ಕೊ

ಪೆರು ದೇಶದ ಕುಸ್ಕೊ ನಗರ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಊರಿನ ಉತ್ತರಕ್ಕಿರುವ ದಿಬ್ಬವನ್ನು ಇನ್ನೊಂದು ಮುನ್ನೂರು ಮೀಟರ್ ಹತ್ತಿದರೆ ಸಾಕ್ಸಾಯ್‌ವಮಾನ್ ಸಿಗುತ್ತದೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಕುಡೊಂಕಾದ ಮೂರು ಗೋಡೆಗಳಿವೆ. ಅವುಗಳ ಮೂಲೆಗಳಲ್ಲಿರುವ ಸುಣ್ಣಕಲ್ಲಿನ ಬಂಡೆಗಳಲ್ಲಿ ಕೆಲವು ನೂರು ಟನ್ನಿಗೂ ಮೀರಿ ತೂಗುತ್ತವೆಂದು ಅಂದಾಜು. ಗಾರೆಯಿಲ್ಲದ ಆ ಸಂದುಗಳಲ್ಲಿ ಚಾಕುವಿನ ಅಲಗೂ ತೂರದು ಎಂದು ಹೇಳದ ಪ್ರವಾಸಿ ಪುಸ್ತಕವಿಲ್ಲ. ಇಂಕಾ ಎಂದರೆ ದೈತ್ಯಶಿಲೆ ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕುಳಿತಿರುವುದು ಹೀಗೆ. ಇಂಥ ಬಂಡೆಗಳನ್ನು ಮನುಷ್ಯರು ಎತ್ತಿ ಕೂರಿಸಿರಲಾರರು, ಕಳೆದುಹೋದ ಯಾವುದೋ ವಿದ್ಯೆಯೋ ಅನ್ಯಗ್ರಹದವರ ಕೈವಾಡವೋ ಇರಬೇಕು ಎಂಬ ಹರಟೆ ಹುಟ್ಟಿದ್ದೂ ಅದೇ ಚಿತ್ರದಿಂದ. ಹರಟೆಯನ್ನು ಅಲ್ಲಗಳೆಯುವುದು ಕಷ್ಟವಲ್ಲ. ಅದಕ್ಕಿಂತ ಕುತೂಹಲದ ಪ್ರಶ್ನೆಯೆಂದರೆ, ಇಂಕಾಗಳು ಕಟ್ಟಿದ್ದರಲ್ಲಿ ಎಷ್ಟು ಪಾಲು ಇಂದು ನಮ್ಮ ಕಣ್ಣಿಗೆ ಬೀಳುತ್ತಿದೆ, ಆ ಪಾಲನ್ನು ಆರಿಸಿಟ್ಟವರು ಯಾರು ಎಂಬುದು. ಇಂದು ಕಾಣುವ ದೈತ್ಯಶಿಲೆಯ ಕುಸ್ಕೊ ಕಟ್ಟಿದವರ ಆಯ್ಕೆಯಾಗಿರುವಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಕೆಡವಿದವರ ಆಯ್ಕೆ ಎಂಬುದು ಇಲ್ಲಿನ ವಾದ. ಹೊರಲಾದದ್ದನ್ನೆಲ್ಲ ಹೊತ್ತುಕೊಂಡು ಹೋದರು. ಹೊರಲಾಗದ್ದು ನಿಂತಿತು. ನಾವು ಆ ನಿಂತದ್ದನ್ನೇ ಇಡೀ ನಾಗರಿಕತೆಯ ಮುಖವೆಂದು ತಿಳಿದಿದ್ದೇವೆ.

ಕೆಡವುವ ಮುಂಚೆ ಅಲ್ಲಿ ಏನಿತ್ತು ಎಂಬುದಕ್ಕೆ ಕಣ್ಣಾರೆ ಕಂಡವರ ಬರಹಗಳಿವೆ. ಹದಿನೈದನೇ ಶತಮಾನದಲ್ಲಿ ಪಾಚಕೂಟಿ ಎಂಬ ಅರಸ ಈ ಊರನ್ನು ಹೊಸದಾಗಿ ಕಟ್ಟಿಸಿದನೆಂದು ಇಂಕಾ ಪರಂಪರೆ ಹೇಳುತ್ತದೆ. ಅವನ ಮಗ, ಮೊಮ್ಮಕ್ಕಳ ಕಾಲಕ್ಕೆ ಇಂದಿನ ಈಕ್ವೆಡಾರ್‌ನಿಂದ ನಡು ಚಿಲಿಯವರೆಗೆ ಹರಡಿದ್ದ ರಾಜ್ಯಕ್ಕೆ ಇದೇ ರಾಜಧಾನಿಯಾಗಿತ್ತು. 1533ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕೊ ಪಿಸಾರೊನ ಪಡೆ ಊರೊಳಗೆ ಬಂತು. ಪಿಸಾರೊನ ಕಾರ್ಯದರ್ಶಿ ಪೆದ್ರೊ ಸಾಂಚೊ ಮರುವರ್ಷವೇ ತಾನು ಕಂಡದ್ದನ್ನು ಬರೆದಿಟ್ಟ. ಬೆಟ್ಟದ ಮೇಲಿನ ಬಂಡೆಗಳಿಗೆ ಅವನೂ ಬೆರಗಾದವನೇ. ಆದರೆ ಅವನ ಬರಹದಲ್ಲಿ ಬಂಡೆಗಳು ಒಂದು ಭಾಗ ಮಾತ್ರ. ಮನೆಗಳಲ್ಲಿ ಬಹಳಷ್ಟು ಕಲ್ಲಿನವು, ಕೆಲವಕ್ಕೆ ಮುಂಗೋಡೆಯ ಅರ್ಧದವರೆಗೆ ಮಾತ್ರ ಕಲ್ಲು, ಹಸಿ ಇಟ್ಟಿಗೆಯ ಮನೆಗಳೂ ಸಾಕಷ್ಟಿವೆ ಎನ್ನುತ್ತಾನೆ. ಬೀದಿಗಳ ನಡುವೆ ಕಲ್ಲು ಕಟ್ಟಿದ ನೀರಿನ ಕಾಲುವೆ ಹರಿಯುತ್ತದೆ, ಅದರ ಎರಡು ಪಕ್ಕಕ್ಕೂ ಒಬ್ಬೊಬ್ಬ ಸವಾರ ಹೋಗುವಷ್ಟೇ ಜಾಗ ಎಂದು ಕುದುರೆಯವನ ದೃಷ್ಟಿಯಿಂದ ಗೊಣಗುತ್ತಾನೆ. ಬೆಟ್ಟದ ಮೇಲಿನ ಕೋಟೆಯ ಒಳಗಿನ ಗೋಪುರಗಳನ್ನು, ಬಟ್ಟೆ, ಉಣ್ಣೆ, ಆಯುಧ, ಲೋಹಗಳಿಂದ ತುಂಬಿದ ಉಗ್ರಾಣಗಳನ್ನು ವರ್ಣಿಸುತ್ತಾನೆ. ಗರಿಗಳಿಗಾಗಿ ಒಣಗಿಸಿಟ್ಟ ಹಕ್ಕಿಗಳಿಂದಲೇ ತುಂಬಿದ ಮನೆಯೊಂದು ಅವನ ಕಣ್ಣಿಗೆ ಬಿದ್ದಿದೆ. ಮಾಡುಗಳೆಲ್ಲ ಹುಲ್ಲಿನವು. ಅಂದರೆ 1534ರ ಕುಸ್ಕೊದಲ್ಲಿ ಕಲ್ಲು, ಮಣ್ಣು, ಹುಲ್ಲು, ನೀರು, ಬಟ್ಟೆ ಐದೂ ಕೂಡಿದ್ದವು. ಅದರಲ್ಲಿ ಇಂದು ನಮಗೆ ಸಿಗುವುದು ಕಲ್ಲೊಂದೇ, ಅದೂ ಎಲ್ಲ ಕಲ್ಲಲ್ಲ.

ಮೊದಲು ಹೋದದ್ದು ಬಂಗಾರ. ಸ್ಪೇನಿನ ಸೈನ್ಯ ಊರಿಗೆ ಕಾಲಿಡುವ ಮುಂಚೆಯೇ, ಸೆರೆಯಲ್ಲಿದ್ದ ಅರಸ ಅತಾವಾಲ್ಪನ ಬಿಡುಗಡೆಯ ಒತ್ತೆಹಣಕ್ಕೆಂದು, ಕೋರಿಕಾಂಚಾ ದೇಗುಲದ ಗೋಡೆಗಳಿಂದ ಚಿನ್ನದ ತಗಡುಗಳನ್ನು ಮೀಟಿ ತೆಗೆದಿದ್ದರು. ಎರಡನೆಯದಾಗಿ ಹೋದದ್ದು ಹುಲ್ಲು. 1536ರಲ್ಲಿ ಮಾಂಕೊ ಇಂಕಾ ದಂಗೆಯೆದ್ದು ತನ್ನದೇ ರಾಜಧಾನಿಗೆ ಮುತ್ತಿಗೆ ಹಾಕಿದಾಗ, ಅವನ ಕಡೆಯವರು ಕೆಂಪಗೆ ಕಾಯಿಸಿದ ಕಲ್ಲುಗಳನ್ನು ಹತ್ತಿಯಲ್ಲಿ ಸುತ್ತಿ ಕವಣೆಯಿಂದ ಬೀಸಿ ಮಾಡುಗಳಿಗೆ ಬೆಂಕಿ ಹಚ್ಚಿದರು. ಊರಿನ ಬಹುಭಾಗ ಸುಟ್ಟುಹೋಯಿತು. ಈ ನಾಶದ ಹೊಣೆಯನ್ನು ಸ್ಪೇನಿನವರ ತಲೆಗೇ ಕಟ್ಟುವಂತಿಲ್ಲ. ತಮ್ಮ ಊರನ್ನು ಪರರಿಗೆ ಬಿಡಲೊಲ್ಲದೆ ಇಂಕಾಗಳೇ ಸುಟ್ಟರು. ಆ ಮುತ್ತಿಗೆಯಲ್ಲಿ ಸಾಕ್ಸಾಯ್‌ವಮಾನ್‌ನ ಗೋಪುರಗಳಿಗಾಗಿ ಘೋರ ಕಾಳಗ ನಡೆದು, ಪಿಸಾರೊನ ತಮ್ಮ ಹ್ವಾನ್ ಅಲ್ಲಿಯೇ ತಲೆಗೆ ಕಲ್ಲೇಟು ತಿಂದು ಸತ್ತ. ಹೆಣಗಳ ಮೇಲೆ ಕಾಂಡೋರ್ ಹದ್ದುಗಳು ಎರಗಿದವು. ಕೊನೆಗೆ ಸ್ಪೇನಿನವರು ಗೆದ್ದ ನೆನಪಿಗೆ 1540ರಲ್ಲಿ ಸ್ಪೇನಿನ ದೊರೆ ಕುಸ್ಕೊಗೆ ಕೊಟ್ಟ ಲಾಂಛನದಲ್ಲಿ ಒಂದು ಕೋಟೆ, ಅದರ ಸುತ್ತ ಎಂಟು ಕಾಂಡೋರ್‌ಗಳಿವೆ. ಲಾಂಛನದಲ್ಲಿ ಕೋಟೆ ಏರಿ ಕೂತ ಕೆಲವೇ ದಶಕಗಳಲ್ಲಿ ಬೆಟ್ಟದ ಮೇಲಿನ ನಿಜವಾದ ಗೋಪುರಗಳು ನೆಲಸಮವಾದವು.

ಹೇಗೆ ನೆಲಸಮವಾದವು ಎಂಬುದಕ್ಕೆ ಒಬ್ಬ ಅಪರೂಪದ ಸಾಕ್ಷಿಯಿದ್ದಾನೆ. ಇಂಕಾ ರಾಜವಂಶದ ತಾಯಿಗೂ ಸ್ಪೇನಿನ ಸೇನಾನಿಗೂ 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದ ಗಾರ್ಸಿಲಾಸೊ ದೆ ಲಾ ವೇಗಾ 1560ರಲ್ಲಿ ಸ್ಪೇನಿಗೆ ಹೊರಟುಹೋದ. ತನ್ನ ಇಂಕಾ ಚರಿತ್ರೆಯ ಮೊದಲ ಭಾಗವನ್ನು 1609ರಲ್ಲಿ ಅಚ್ಚು ಹಾಕಿಸಿದ. ಬೆಟ್ಟದ ಮೇಲೆ ಮೂರು ಗೋಪುರಗಳಿದ್ದವು, ಅವುಗಳಲ್ಲಿ ಒಂದು ದುಂಡಗಿತ್ತು, ಅದಕ್ಕೆ ದೂರದಿಂದ ನೆಲದಡಿಯಲ್ಲಿ ನೀರು ತಂದಿದ್ದರು ಎಂದು ಬರೆದವನು ಅವನೇ. ಸ್ಪೇನಿನವರು ಕೂಲಿಯ ಖರ್ಚು ಉಳಿಸಿಕೊಳ್ಳಲು ಗೋಡೆಗಳ ಒಳಗಿದ್ದ ನಯವಾದ ಕಲ್ಲಿನ ಕಟ್ಟಡಗಳನ್ನೆಲ್ಲ ಕಳಚಿದರು. ಅವರು ಊರಿನಲ್ಲಿ ಕಟ್ಟಿಸಿದ ಮನೆಗಳಲ್ಲಿ ಆ ಕಲ್ಲು ಸೇರದ ಮನೆಯೇ ಇಲ್ಲ ಎನ್ನುತ್ತಾನೆ. ನೆಲದಡಿಯ ಹಾದಿಗಳಿಗೆ ಹೊದಿಸಿದ್ದ ಚಪ್ಪಡಿಗಳು ಬಾಗಿಲಿನ ಮೇಲುಪಟ್ಟಿಯಾದವು, ಸಣ್ಣ ಕಲ್ಲುಗಳು ತಳಪಾಯಕ್ಕೂ ಗೋಡೆಗೂ ಹೋದವು. ಮೆಟ್ಟಿಲಿಗೆ ತಕ್ಕ ಅಳತೆಯ ಒಂದು ಸಾಲು ಬೇಕಾದರೆ ಅದರ ಮೇಲಿನ ಹತ್ತು ಹನ್ನೆರಡು ಸಾಲುಗಳನ್ನು ಉರುಳಿಸುತ್ತಿದ್ದರು. ಕೊನೆಗೆ ಅವನು ಸೇರಿಸುವ ಮಾತು ನನ್ನ ವಾದಕ್ಕೆ ಆಧಾರಸ್ತಂಭ. ಮೂರು ಬಂಡೆಗೋಡೆಗಳು ಉಳಿದಿವೆ, ಏಕೆಂದರೆ ಅವುಗಳ ಗಾತ್ರದಿಂದಾಗಿ ಕೆಡವಲಾಗಲಿಲ್ಲ; ಹಾಗಿದ್ದೂ ವಾಯ್ನಾ ಕಾಪಾಕ್ ಅರಸನ ಚಿನ್ನದ ಸರಪಳಿ ಅಡಗಿದೆಯೆಂಬ ಆಸೆಗೆ ಅವುಗಳ ಭಾಗವನ್ನೂ ಕಿತ್ತಿದ್ದಾರಂತೆ ಎಂದು ಅವನು ಬರೆಯುತ್ತಾನೆ. ಮಾಡು ಬೆಂಕಿಗೆ, ಮಧ್ಯಮ ಗಾತ್ರದ ಕಲ್ಲು ಗಾಡಿಗೆ, ಉಳಿದದ್ದು ಪ್ರವಾಸಿಯ ಕ್ಯಾಮೆರಾಗೆ.

ಕೊಂಡೊಯ್ದದ್ದು ಕಲ್ಲನ್ನು ಮಾತ್ರವಲ್ಲ. ನ್ಯಾಯಾಧಿಕಾರಿಯಾಗಿದ್ದ ಪೋಲೊ ದೆ ಒಂದೆಗಾರ್ದೊ ಎಂಬುವನು ಕುಸ್ಕೊದ ದೊಡ್ಡ ಚೌಕದ ಬಗ್ಗೆ ಬರೆದದ್ದು ವಿಚಿತ್ರವಾಗಿದೆ. ಇಂಕಾಗಳು ಆ ಚೌಕದ ಸ್ವಂತ ಮಣ್ಣನ್ನು ತೆಗೆಸಿ, ಅದನ್ನು ಪವಿತ್ರವೆಂದು ಬೇರೆ ಸೀಮೆಗಳಿಗೆ ಕಳಿಸಿ, ಬದಲಿಗೆ ಸಮುದ್ರತೀರದ ಮರಳನ್ನು ತಂದು ಎರಡೂವರೆ ಗೇಣು ದಪ್ಪಕ್ಕೆ ಹಾಸಿದ್ದರು. ಚಕ್ರದ ಗಾಡಿಯಿಲ್ಲದ, ಲಾಮಾ ಮತ್ತು ಮನುಷ್ಯರ ಬೆನ್ನನ್ನೇ ನಂಬಿದ್ದ ನಾಡಿನಲ್ಲಿ ಕಡಲತೀರದಿಂದ 3,400 ಮೀಟರ್ ಎತ್ತರಕ್ಕೆ ಮರಳು! ಪೋಲೊ ಆ ಮರಳನ್ನು ತೆಗೆಸಿ, ಆಗ ಏಳುತ್ತಿದ್ದ ಪ್ರಧಾನ ಚರ್ಚಿನ ಮತ್ತು ಸೇತುವೆಗಳ ಗಾರೆಗೆ ಬಳಸಿದ. ಅದೇ ಕೆಥೆಡ್ರಲಿನ ಗೋಡೆಗಳಿಗೆ ಬೆಟ್ಟದಿಂದ ಕಲ್ಲು ಇಳಿಯಿತು. 1560ರ ಆಸುಪಾಸಿನಲ್ಲಿ ಶುರುವಾದ ಆ ಕಟ್ಟಡ ಮುಗಿಯಲು ಸುಮಾರು ಒಂದು ಶತಮಾನ ಹಿಡಿಯಿತು. ನನಗೆ ಕೇಳಿದರೆ ನೂರು ಟನ್ನಿನ ಬಂಡೆಗಿಂತ ಈ ಮರಳೇ ಇಂಕಾ ಆಳ್ವಿಕೆಯ ಶಕ್ತಿಗೆ ದೊಡ್ಡ ಸಾಕ್ಷಿ. ಆದರೆ ಅದನ್ನು ತೋರಿಸಲು ಅಲ್ಲೀಗ ಏನೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕುಸ್ಕೊ ಭೂಕಂಪದ ಸೀಮೆ. 1650ರಲ್ಲಿ, ಮತ್ತೆ 1950ರಲ್ಲಿ ಊರು ತತ್ತರಿಸಿತು. ಗೋಪುರಗಳು ಭೂಕಂಪಕ್ಕೇ ಬಿದ್ದಿರಬಾರದೇಕೆ, ಸಣ್ಣ ಕಲ್ಲಿನ ಕಟ್ಟಡ ಸಡಿಲವಾಗಿ ಉದುರಿ ದೊಡ್ಡ ಕಲ್ಲಿನದು ತನ್ನ ಭಾರದಿಂದಲೇ ನಿಂತಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಾಲ ಹೊಂದುವುದಿಲ್ಲ. ಗಾರ್ಸಿಲಾಸೊ ಊರು ಬಿಟ್ಟದ್ದು 1560ರಲ್ಲಿ, ಪುಸ್ತಕ ಬಂದದ್ದು 1609ರಲ್ಲಿ. ಕೆಡವಿದ ಕಥೆ 1650ಕ್ಕಿಂತ ಬಹಳ ಹಿಂದಿನದು. ಸಣ್ಣ ಕಲ್ಲು ಉದುರಿತು ಎಂಬುದನ್ನು ಊರೊಳಗಿನ ಕೋರಿಕಾಂಚಾವೇ ಸುಳ್ಳು ಮಾಡುತ್ತದೆ. ಅಲ್ಲಿ ಸಾಲು ಸಾಲಾಗಿ ಜೋಡಿಸಿದ ಸಣ್ಣ ಕಲ್ಲುಗಳ ಬಾಗುಗೋಡೆ ಎರಡೂ ಭೂಕಂಪಗಳನ್ನು ತಡೆದು ನಿಂತಿದೆ. ಅದರ ಮೇಲೆ ಎದ್ದ ಸಾಂತೊ ದೊಮಿಂಗೊ ಮಠವೇ 1950ರ ಮೇ 21ರಂದು ಒಡೆದು, ಒಳಗೆ ಹುದುಗಿದ್ದ ಇಂಕಾ ಕೋಣೆಗಳು ಹೊರಬಿದ್ದವು. ಇಂಕಾ ಗೋಡೆಗಳನ್ನು ಯಾವ ಭೂಕಂಪವೂ ಅಲುಗಿಸದು ಎಂಬ ಜನಪ್ರಿಯ ಮಾತು ಅತಿಶಯೋಕ್ತಿ ಇರಬಹುದು. ಆದರೆ ಗೋಪುರಗಳನ್ನು ಉರುಳಿಸಿದ್ದು ಭೂಮಿಯಲ್ಲ ಎನ್ನಲು ಇಷ್ಟು ಸಾಕು. ಲೂಯಿಸ್ ವಾಲ್ಕಾರ್ಸೆಲ್ 1930ರ ದಶಕದಲ್ಲಿ ಸಾಕ್ಸಾಯ್‌ವಮಾನ್ ಅಗೆದಾಗ ದುಂಡು ಗೋಪುರದ ತಳಪಾಯ ಸಿಕ್ಕಿತು: ಒಂದರೊಳಗೊಂದು ಮೂರು ವೃತ್ತಾಕಾರದ ಗೋಡೆಗಳು, ಜೊತೆಗೆ ನೀರಿನ ಕಾಲುವೆಗಳು. ತಳ ಇದೆ, ಮೇಲಿನ ಕಲ್ಲುಗಳಿಲ್ಲ. ಬಿದ್ದ ಕಟ್ಟಡವಾಗಿದ್ದರೆ ಕಲ್ಲುಗಳು ಅಲ್ಲಿಯೇ ರಾಶಿಯಾಗಿರಬೇಕಿತ್ತು. (ಆ ಅಗೆತ ನಡೆದದ್ದು ಸ್ಪೇನಿನವರು ಕುಸ್ಕೊ ಸ್ಥಾಪಿಸಿದ 400ನೇ ವರ್ಷಾಚರಣೆಯ ಸಲುವಾಗಿ ಎಂಬುದು ಇತಿಹಾಸದ ಕುಹಕ.)

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದೊಡ್ಡ ಬಂಡೆ ಉಳಿದದ್ದು ಆಕಸ್ಮಿಕವಿರಬಹುದು, ಅದನ್ನು ಅಲ್ಲಿ ಕೂರಿಸಿದ್ದು ಆಕಸ್ಮಿಕವಲ್ಲವಲ್ಲ? ನೋಡಿದವರು ನಡುಗಲಿ ಎಂದೇ ಇಂಕಾಗಳು ಅದನ್ನು ಆರಿಸಿದರು. ಗಾರ್ಸಿಲಾಸೊ ಕೂಡ ಇದು ಮಂತ್ರದ ಬಲದಿಂದ ಆದದ್ದೇನೋ ಎಂಬಷ್ಟು ಬೆರಗುಪಡುತ್ತಾನೆ. ನಿಜ, ಒಪ್ಪಬೇಕು. ಆ ಮುಂಗೋಡೆ ಪ್ರದರ್ಶನಕ್ಕೆಂದೇ ಕಟ್ಟಿದ್ದು. ಆದರೆ ಇಂಕಾಗಳ ಕಣ್ಣಿನಲ್ಲಿ ದೊಡ್ಡದು ಎಂದರೆ ಶ್ರೇಷ್ಠವೇ ಎಂಬುದು ಬೇರೆ ಮಾತು. ಸಾಮ್ರಾಜ್ಯದಲ್ಲೇ ಅತ್ಯಂತ ಪವಿತ್ರವಾದ ಸೂರ್ಯಾಲಯವಾದ ಕೋರಿಕಾಂಚಾಕ್ಕೆ ಅವರು ಬಳಸಿದ್ದು ಮನುಷ್ಯರು ಎತ್ತಾಡಬಹುದಾದ, ಒಂದೇ ಅಚ್ಚಿನಿಂದ ಬಂದಂತೆ ಕಾಣುವ ಆಂಡಿಸೈಟ್ ಕಲ್ಲುಗಳನ್ನು. ಸಾಕ್ಸಾಯ್‌ವಮಾನ್‌ನ ದೈತ್ಯ ಸುಣ್ಣಕಲ್ಲುಗಳು ಬಹುಪಾಲು ಅಕ್ಕಪಕ್ಕದ ಬಂಡೆಯಿಂದಲೇ ಬಂದವು. ಆಂಡಿಸೈಟ್ ಬೇಕೆಂದರೆ ಸುಮಾರು 35 ಕಿಲೋಮೀಟರ್ ದೂರದ ರೂಮಿಕೋಲ್ಕಾ ಕಲ್ಲುಗಣಿಗೆ ಹೋಗಬೇಕಿತ್ತು. ಸಣ್ಣ ಕಲ್ಲಿಗಾಗಿ ಅಷ್ಟು ದೂರ ಹೋದರೆಂದರೆ ಬೆಲೆ ಗಾತ್ರದಲ್ಲಿರಲಿಲ್ಲ ಎಂದಾಯಿತು. ಪವಿತ್ರ ಕಣಿವೆಯ ಓಯಾಂತಾಯ್ತಾಂಬೊದಲ್ಲಿ ದೊಡ್ಡ ಬಂಡೆಗಳನ್ನೇ ಹೊಳೆಯಾಚೆಯ ಬೆಟ್ಟದಿಂದ ತಂದಿದ್ದಾರಲ್ಲ ಎನ್ನಬಹುದು. ತಂದಿದ್ದಾರೆ; ದಾರಿಯಲ್ಲಿ ಬಿಟ್ಟುಹೋದ ಬಂಡೆಗಳು ಇಂದಿಗೂ ಅಲ್ಲಿ ಬಿದ್ದಿವೆ. ದೈತ್ಯಶಿಲೆ ಅವರ ಕಟ್ಟಡಕಲೆಯ ಒಂದು ಸ್ವರ, ಅದೊಂದೇ ರಾಗವಲ್ಲ ಎಂಬಷ್ಟೇ ನನ್ನ ಮಾತು.

ಆ ಕಲ್ಲುಗಳನ್ನು ಕೂರಿಸಿದ ಬಗೆ ಗೊತ್ತಾದದ್ದೂ ಕೆಡವಿದವರ ಪುಣ್ಯದಿಂದಲೇ. ಗೋಡೆ ಇಡಿಯಾಗಿ ನಿಂತಿದ್ದರೆ ಸಂದಿನ ಒಳಗೆ ಏನಿದೆ ಎಂದು ಕಾಣುವುದಿಲ್ಲ. ಮೇಲಿನ ಸಾಲನ್ನು ಯಾರೋ ಕಿತ್ತೊಯ್ದ ಕಡೆ, ಮೇಲಿನ ಕಲ್ಲಿನ ತಳಕ್ಕೆ ಸರಿಯಾಗಿ ಕೆಳಗಿನ ಕಲ್ಲಿನಲ್ಲಿ ಕೊರೆದ ಹಳ್ಳ ಬಯಲಾಗಿದೆ. ವಾಸ್ತುಶಿಲ್ಪಿ ಜಾನ್ ಪಿಯರ್ ಪ್ರೋಟ್ಜನ್ 1980ರ ದಶಕದಲ್ಲಿ ಇಂಥ ಗುರುತುಗಳನ್ನೂ ಕಲ್ಲುಗಣಿಗಳನ್ನೂ ಹುಡುಕಿ ನೋಡಿ, ಬಳಿಕ ತಾನೇ ಹೊಳೆಯ ಗುಂಡುಕಲ್ಲು ಹಿಡಿದು ಕುಟ್ಟಿದರು. ಆಂಡಿಸೈಟಿನ ಒಂದು ಸಣ್ಣ ಕಲ್ಲಿನ ಮೂರು ಮುಖಗಳನ್ನು ಸಮಮಾಡಲು ಅವರಿಗೆ ಹಿಡಿದದ್ದು ಸುಮಾರು ಒಂದೂವರೆ ಗಂಟೆ. ಕಬ್ಬಿಣ ಬೇಕಾಗಲಿಲ್ಲ. ಇಂಕಾ ಕಲ್ಲುಗಳ ಮೈಮೇಲೆ ನಡುವೆ ದಪ್ಪಗೆ, ಅಂಚಿನ ಹತ್ತಿರ ಸಣ್ಣಗೆ ಇರುವ ಕುಟ್ಟುಗುಳಿಗಳು ಇದೇ ಕೆಲಸದ ಗುರುತುಗಳು: ಅಂಚಿಗೆ ಬಂದಂತೆ ಹಗುರವಾದ ಗುಂಡು ಹಿಡಿದಿದ್ದಾರೆ. ಮೇಲೆ ಕೂರಿಸುವುದು, ತೆಗೆಯುವುದು, ತಗಲುವ ಕಡೆ ಕುಟ್ಟುವುದು, ಮತ್ತೆ ಕೂರಿಸುವುದು ಹೀಗೆ ಹಲವು ಸಲ ಮಾಡಿರಬೇಕೆಂದು 1590ರಲ್ಲಿಯೇ ಪಾದ್ರಿ ಹೋಸೆ ದೆ ಅಕೋಸ್ತಾ ಬರೆದಿದ್ದ. ಒಟ್ಟಿನಲ್ಲಿ ಗುಟ್ಟೇನೂ ಇಲ್ಲ. ಬೇಕಾದದ್ದು ಬಹಳ ಜನ, ಬಹಳ ದಿನ, ಆ ದಿನಗಳಷ್ಟೂ ಅವರಿಗೆ ಊಟ.

ಊಟವೇ ಇಲ್ಲಿನ ಮುಖ್ಯ ಮಾತು. ಸುಮಾರು 1550ರಲ್ಲಿ ಕುಸ್ಕೊ ನೋಡಿದ ಸಿಯೆಸಾ ದೆ ಲೆಯೋನ್, ಸಾಕ್ಸಾಯ್‌ವಮಾನ್ ಕೆಲಸಕ್ಕೆ ಇಪ್ಪತ್ತು ಸಾವಿರ ಜನ ನೇಮಕವಾಗಿದ್ದರು, ಅವರಲ್ಲಿ ನಾಲ್ಕು ಸಾವಿರ ಕಲ್ಲು ಒಡೆಯಲು, ಆರು ಸಾವಿರ ತೊಗಲು ಮತ್ತು ನಾರಿನ ದಪ್ಪ ಹಗ್ಗಗಳಿಂದ ಎಳೆಯಲು ಎಂದು ಕೇಳಿ ಬರೆದಿದ್ದಾನೆ. ಸಂಖ್ಯೆಗಳು ದುಂಡಗಿವೆ, ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಅವನು ವಿವರಿಸುವ ಕ್ರಮ ಮುಖ್ಯ: ಒಂದೇ ಗುಂಪು ಸಾಯುವತನಕ ದುಡಿಯುತ್ತಿರಲಿಲ್ಲ, ಸೀಮೆ ಸೀಮೆಗಳಿಂದ ಸರದಿಯ ಮೇಲೆ ಬಂದು ಹೋಗುತ್ತಿದ್ದರು. ಮಿತಾ ಎಂಬ ಈ ಪದ್ಧತಿಯನ್ನು ನಾವು ಬಿಟ್ಟಿ ಎನ್ನಬಹುದು, ಕಡ್ಡಾಯವಂತೂ ಹೌದು. ಆದರೆ ದುಡಿಯುವವರಿಗೆ ಅನ್ನ, ಬಟ್ಟೆ, ಮೆಕ್ಕೆಜೋಳದ ಹೆಂಡವನ್ನು ಅರಸೊತ್ತಿಗೆ ಕೊಡಬೇಕಿತ್ತು. ಅದಕ್ಕಾಗಿಯೇ ಬೆಟ್ಟದ ಇಳಿಜಾರುಗಳಲ್ಲಿ ಗಾಳಿ ಬೀಸುವ ಕಡೆ ಸಾಲು ಸಾಲು ಕಣಜಗಳು. ಇಲ್ಲಿ ಎತ್ತರ ಶತ್ರುವಾಗದೆ ನೆಂಟನಾಯಿತು. ಆಲೂಗೆಡ್ಡೆಯನ್ನು ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿಗೆ ಕರಗಿಸಿ, ಕಾಲಿನಿಂದ ತುಳಿದು ನೀರು ಹಿಂಡಿ ಒಣಗಿಸಿದರೆ ಅದು ವರ್ಷಗಟ್ಟಲೆ ಕೆಡದ ಚುನ್ಯೊ ಆಗುತ್ತದೆ. ಹಾಸನದ ಹೊಲಗಳಲ್ಲಿ ಇಂದು ಬೆಳೆಯುವ ಆಲೂಗೆಡ್ಡೆಯ ಮೂಲವೂ ಈ ಆಂಡಿಸ್ ಸೀಮೆಯೇ. ಆದರೆ ರಾತ್ರಿಗೆ ಹಿಮ, ಹಗಲಿಗೆ ಸುಡುಬಿಸಿಲು ಎಂಬ ಈ ಜೋಡಿ ನಮ್ಮಲ್ಲಿಲ್ಲ, ಆದ್ದರಿಂದ ಗೆಡ್ಡೆ ಬಂದರೂ ಚುನ್ಯೊ ಬರಲಿಲ್ಲ. ಯಾವ ಸೀಮೆಯಿಂದ ಎಷ್ಟು ಜನ, ಯಾವ ಕಣಜದಲ್ಲಿ ಎಷ್ಟು ದಾಸ್ತಾನು ಎಂಬ ಲೆಕ್ಕವೆಲ್ಲ ಕಿಪು ಎಂಬ ದಾರದ ಗಂಟುಗಳಲ್ಲಿ ಇತ್ತು. 1583ರ ಲಿಮಾ ಧರ್ಮಸಭೆ ಹಳೆಯ ಪೂಜೆಗೆ ಸಂಬಂಧಿಸಿದ ಕಿಪುಗಳನ್ನು ನಾಶಮಾಡಲು ಆಜ್ಞೆ ಮಾಡಿತು. ಉಳಿದವು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಚದುರಿವೆ. ಬಂಡೆಯನ್ನು ಎತ್ತಿದ್ದು ನಿಜಕ್ಕೂ ಈ ಕಣಜ ಮತ್ತು ಗಂಟುಗಳು. ಎರಡೂ ಕಣ್ಣಿಂದ ಮರೆಯಾದ್ದರಿಂದಲೇ ಬಂಡೆ ಮಾಯೆಯಂತೆ ಕಾಣುತ್ತದೆ.

ಇನ್ನೊಂದು ಕಡೆಯಿಂದಲೂ ತಕರಾರು ತೆಗೆಯಬಹುದು. ಕಲ್ಲನ್ನು ಮರುಬಳಸುವುದು ನಾಶವೇ? ಬೆಟ್ಟದ ಕಲ್ಲು ಕೆಳಗಿನ ಮನೆಯಲ್ಲಿ ಇನ್ನೂ ಇದೆಯಲ್ಲ? ಈ ಮಾತಿನಲ್ಲಿ ಹುರುಳಿದೆ, ಅದು ನನ್ನ ವಾದವನ್ನು ಬಲಪಡಿಸುತ್ತದೆ ಕೂಡ. ಸ್ಪೇನಿನವರು ಅರಮನೆಗಳನ್ನು ತಮ್ಮೊಳಗೆ ಹಂಚಿಕೊಂಡು, ಇಂಕಾ ಗೋಡೆಯನ್ನೇ ಬುನಾದಿ ಮಾಡಿಕೊಂಡು ಮೇಲೆ ಹಸಿ ಇಟ್ಟಿಗೆಯ ಮಹಡಿ, ಕೆಂಪು ಹೆಂಚು ಏರಿಸಿದ ಕಡೆ ಗೋಡೆ ನಿಂತಲ್ಲೇ ಉಳಿಯಿತು. ಸೂರ್ಯನ ಸೇವೆಗೆ ಮೀಸಲಾಗಿದ್ದ ಹೆಣ್ಣುಮಕ್ಕಳ ನಿವಾಸ ಸಾಂತಾ ಕಾತಲೀನಾ ಸನ್ಯಾಸಿನಿಯರ ಮಠವಾಯಿತು. ಹಾತುನ್ ರೂಮಿಯೋಕ್ ಬೀದಿಯಲ್ಲಿ ಹನ್ನೆರಡು ಮೂಲೆಯ ಪ್ರಸಿದ್ಧ ಕಲ್ಲು ಇರುವುದು ಆರ್ಚ್‌ಬಿಷಪ್ಪರ ಅರಮನೆಯಾದ ಕಟ್ಟಡದ ಗೋಡೆಯಲ್ಲಿ. ಲೊರೆಟೊ ಓಣಿಯ ಎರಡು ಪಕ್ಕಕ್ಕೂ ಇಂಕಾ ಗೋಡೆಗಳೇ. ಅಂದರೆ ಜನ ಬಾಳಿದ ಊರಿನಲ್ಲಿ ಇಂಕಾ ಕುಸ್ಕೊದ ಸಣ್ಣ ಕಲ್ಲಿನ ನಯಗಾರಿಕೆ ಉಳಿದಿದೆ. ಯಾರೂ ಬಾಳದೆ ಬಿಟ್ಟ ಬೆಟ್ಟದಲ್ಲಿ ಹೋಗಿದೆ. ನಾವು ಕೆಳಗಿನದನ್ನು ವಸಾಹತು ನಗರ, ಮೇಲಿನದನ್ನು ಇಂಕಾ ಅವಶೇಷ ಎಂದು ಎರಡು ಪಟ್ಟಿ ಮಾಡಿ ಎರಡಕ್ಕೂ ಬೇರೆ ಬೇರೆ ಟಿಕೆಟ್ ಕೊಡುತ್ತೇವೆ. ಮೇಲಿನದು ಅವಶೇಷವಾದದ್ದೇ ಕೆಳಗಿನದು ಎದ್ದದ್ದರಿಂದ.

ಕಲ್ಲನ್ನೇ ನೋಡುವ ಕಣ್ಣಿಗೆ ತಪ್ಪಿಹೋಗುವುದು ಇನ್ನೂ ಒಂದಿದೆ. ಹದಿನೇಳನೇ ಶತಮಾನದಲ್ಲಿ ಪಾದ್ರಿ ಬೆರ್ನಾಬೆ ಕೋಬೊ ಕೊಟ್ಟ ಪಟ್ಟಿಯ ಪ್ರಕಾರ, ಕೋರಿಕಾಂಚಾದಿಂದ ಹೊರಟ ನಲವತ್ತೊಂದು ಕಾಲ್ಪನಿಕ ಗೆರೆಗಳ ಮೇಲೆ ಕುಸ್ಕೊದ ಸುತ್ತ ಮುನ್ನೂರಕ್ಕೂ ಮಿಕ್ಕ ಪವಿತ್ರ ನೆಲೆಗಳಿದ್ದವು, ಒಂದೊಂದನ್ನು ನೋಡಿಕೊಳ್ಳುವ ಹೊಣೆ ಒಂದೊಂದು ಕುಲದ್ದು. ಅವುಗಳಲ್ಲಿ ಬಹಳಷ್ಟು ಕಟ್ಟಡಗಳೇ ಅಲ್ಲ; ಚಿಲುಮೆಗಳು, ಹಾಗೆಯೇ ಬಿದ್ದಿರುವ ಬಂಡೆಗಳು, ಹೊಲಗಳು, ತಿರುವುಗಳು. ಕೆತ್ತನೆಯ ಬಂಡೆಯಿರುವ ಕೆಂಕೊ, ಇಂದಿಗೂ ನೀರು ಸುರಿಯುವ ತಾಂಬೊಮಾಚಾಯ್ ಈ ಲೋಕದ ಪಳೆಯುಳಿಕೆಗಳು. ಉಳಿದವನ್ನು ಗುರುತಿಸುವುದು ಅಲ್ಲಿ ಹರಕೆ ಸಲ್ಲಿಸುತ್ತಿದ್ದವರಿಗೆ ಮಾತ್ರ ಸಾಧ್ಯವಿತ್ತು. ಸಾಕ್ಸಾಯ್‌ವಮಾನ್‌ನಲ್ಲಿ ಪ್ರತಿ ಜೂನ್ 24ರಂದು ನಡೆಯುವ ಸೂರ್ಯೋತ್ಸವ ಇಂತಿ ರಾಯ್ಮಿಯಾದರೂ 1944ರಲ್ಲಿ ಮತ್ತೆ ಆರಂಭವಾದದ್ದು. ಅದರ ರಂಗರೂಪಕ್ಕೆ ಆಧಾರ ಅದೇ ಗಾರ್ಸಿಲಾಸೊನ ಪುಸ್ತಕ. ಕೃತಕ ಎಂದು ಮೂಗು ಮುರಿಯುವವರಿದ್ದಾರೆ. ಕೆಚುವಾ ಮಾತನಾಡುವ ಊರೊಂದು ತನ್ನ ಹಬ್ಬವನ್ನು ಪುಸ್ತಕದಿಂದ ಮರಳಿ ಪಡೆಯಬೇಕಾಯಿತು ಎಂಬುದರಲ್ಲಿ ನನಗೆ ಕಾಣುವುದು ಕೃತಕತೆಗಿಂತ ಹೆಚ್ಚಾಗಿ ನಷ್ಟದ ಅಳತೆ.

ಹಾಗಾದರೆ ಕಲ್ಲಲ್ಲದ ಇಂಕಾ ಕೆಲಸವನ್ನು ಎಲ್ಲಿ ನೋಡುವುದು? ಕುಸ್ಕೊದ ದಕ್ಷಿಣಕ್ಕೆ, ಬೆಟ್ಟದ ದಾರಿಯಲ್ಲಿ ಕೆಲವು ಗಂಟೆಗಳ ಪ್ರಯಾಣದ ದೂರದಲ್ಲಿ, ಅಪುರಿಮಾಕ್ ನದಿಯ ಕಂದರದ ಮೇಲೆ ಕೆಸ್ವಾಚಾಕಾ ಎಂಬ ಸೇತುವೆಯಿದೆ. ಪೂರ್ತಿ ಹುಲ್ಲಿನದು. ಸುತ್ತಲಿನ ನಾಲ್ಕು ಹಳ್ಳಿಗಳ ಜನ ಪ್ರತಿ ಜೂನ್‌ನಲ್ಲಿ ಮನೆಗಿಷ್ಟು ಎಂದು ಹುಲ್ಲು ಹೊಸೆದು ಹಗ್ಗ ತರುತ್ತಾರೆ, ಸಣ್ಣ ಹಗ್ಗಗಳನ್ನು ಕೂಡಿಸಿ ತೊಡೆಗಾತ್ರದ ಹಗ್ಗ ಮಾಡುತ್ತಾರೆ, ಹಳೆಯದನ್ನು ಕತ್ತರಿಸಿ ನದಿಗೆ ಬಿಟ್ಟು ಮೂರು ದಿನದಲ್ಲಿ ಹೊಸದನ್ನು ಕಟ್ಟುತ್ತಾರೆ. ಪಕ್ಕದಲ್ಲಿಯೇ ಲಾರಿ ಓಡಾಡುವ ಉಕ್ಕಿನ ಸೇತುವೆ ಇದೆ, ಆದ್ದರಿಂದ ದಾಟಲೆಂದೇ ಇದು ಬೇಕಿಲ್ಲ. ಸೀಮೆ ಸೀಮೆಗೆ ಕೆಲಸ ಹಂಚುವುದು, ಸರದಿ, ಲೆಕ್ಕ, ಕೊನೆಗೆ ಎಲ್ಲರಿಗೂ ಊಟ, ಹೆಂಡ ಎಂಬ ಸಾಕ್ಸಾಯ್‌ವಮಾನ್‌ನ ಕ್ರಮ ಸಣ್ಣ ಅಳತೆಯಲ್ಲಿ ಇಲ್ಲಿ ಉಸಿರಾಡುತ್ತಿದೆ. ಯುನೆಸ್ಕೊ 2013ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡದ್ದು ಸೇತುವೆಯನ್ನಲ್ಲ, ಅದನ್ನು ಕಟ್ಟುವ ವಿದ್ಯೆ ಮತ್ತು ವಿಧಿಗಳನ್ನು. ಆ ಮಟ್ಟಿಗೆ ಅದರ ತೀರ್ಮಾನ ಸರಿ. ಕೊರೊನಾ ಕಾಲದಲ್ಲಿ, 2020ರಲ್ಲಿ, ಜನ ಸೇರಲಾಗಲಿಲ್ಲ, ಹಗ್ಗ ಬದಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಸೇತುವೆ ಕಡಿದು ನದಿಗೆ ಬಿತ್ತು. ಜೂನ್‌ನಲ್ಲಿ ನಾಲ್ಕು ಹಳ್ಳಿಯವರೂ ಎರಡು ದಡಗಳಲ್ಲಿ ನಿಂತು ಅದನ್ನು ಮತ್ತೆ ಕಟ್ಟಿದರು.